ತಲೆಕಟ್ಟು

ಬೆಳಗಿನ ಐದೂಮುಕ್ಕಾಲಿಗೆ ಮುಹರಕ್ಕಿನ ಈ ಕೋಣೆಗೆ ಬಂದು
ಬೂಟು ಬಿಚ್ಚುವ ಮೊದಲು ಹಾಸಿಗೆಯ ಮೇಲೆ ಅಂಗೈ ಇಡುತ್ತೇನೆ.
ಬೆಚ್ಚಗಿದ್ದರೆ ಪೋಶಯ್ಯ ಇವತ್ತೂ ಬಸ್ಸಿನ ಹಿಂದೆ ಓಡಿದ್ದಾನೆ.
ತಣ್ಣಗಿದ್ದರೆ ಹೊತ್ತಿಗೆ ಸರಿಯಾಗಿ ಎದ್ದು
ಮುಖ ತೊಳೆದು, ಚಾ ಕುಡಿದು ಹೋಗಿದ್ದಾನೆ.

ಮಂಚ ಒಂದು, ಬಾಡಿಗೆ ಅರ್ಧರ್ಧ.
ಹಗಲು ನನಗೆ, ಇರುಳು ಅವನಿಗೆ.
ಹದಿನಾಲ್ಕು ತಿಂಗಳಲ್ಲಿ ಮುಖ ನೋಡಿದ್ದು
ಮೆಟ್ಟಿಲ ತಿರುವಿನಲ್ಲಿ, ಏಳೆಂಟು ಸಲ.
ಆದರೆ ಎಡಮಗ್ಗುಲಿಗೆ ಮಲಗುವವನೆಂದು ಬಲ್ಲೆ,
ಹಾಸಿಗೆ ಅಲ್ಲಿ ತಗ್ಗಿದೆ.
ದಿಂಬಿಗೆ ನೋವಿನ ಮುಲಾಮಿನ ವಾಸನೆ.
ಪೈಪ್‌ಲೈನಿನಲ್ಲಿ ದಿನವಿಡೀ ಕುಕ್ಕರುಗಾಲಲ್ಲಿ ಕೂರುವವ,
ಮೊಣಕಾಲ ನಡುವೆ ದಿಂಬಿಟ್ಟು ಮಲಗುತ್ತಾನೇನೋ.
ಅದರ ಮೇಲೆ ನಾನು ತಲೆ ಇಡುತ್ತೇನೆ.

ನನ್ನದು ವಿಮಾನದ ಟ್ರೇ ತೊಳೆಯುವ ಕೆಲಸ.
ಆಕಾಶದಲ್ಲಿ ಉಂಡವರ ಎಂಜಲು
ನೆಲಕ್ಕಿಳಿದು ನನ್ನ ಮುಂದೆ ಸಾಲುಗಟ್ಟುತ್ತದೆ:
ಅರ್ಧ ಕಚ್ಚಿದ ಬನ್ನು, ಬಿಚ್ಚದ ಬೆಣ್ಣೆ,
ಒಮ್ಮೆ, ಕಾಗದದ ಕರವಸ್ತ್ರದಲ್ಲಿ ಸುತ್ತಿಟ್ಟ
ಯಾರದೋ ಮೇಲ್ದವಡೆಯ ಹಲ್ಲಿನ ಸೆಟ್ಟು.
ತಾರೀಕು ಬದಲಾಗುವಾಗ
ಮೊಣಕೈವರೆಗೆ ಸೋಪಿನ ನೀರಿನಲ್ಲಿರುತ್ತೇನೆ.
ನಿನ್ನೆ ಎಲ್ಲಿ ಮುಗಿಯಿತೆಂದು
ಯಾರೂ ಬಂದು ಹೇಳುವುದಿಲ್ಲ.

"ನಾಳೆ ಫೋನ್ ಮಾಡ್ತೆ" ಅಂದರೆ
ಗಂಗೊಳ್ಳಿಯಿಂದ ವನಜ ಕೇಳುತ್ತಾಳೆ,
"ನಿಮ್ಮ ನಾಳೆ ಅಂದ್ರೆ ಯಾವತ್ತು ಮಾರಾಯ್ರೇ?"
ಮಗಳ ಹುಟ್ಟಿದ ದಿನಕ್ಕೆ, ತಪ್ಪದಿರಲಿ ಎಂದು,
ಎರಡೆರಡು ಸಲ ಹರಸಿದೆ.
ಎರಡೂ ತಪ್ಪಿತು.

ಕಿಟಕಿಗೆ ಅಡುಗೆಯ ಬೆಳ್ಳಿಹಾಳೆ ಅಂಟಿಸಿದ್ದೇನೆ.
ಅದರಲ್ಲೊಂದು ಸೂಜಿತೂತು.
ಅಲ್ಲಿಂದ ಬಿಸಿಲು ಒಳಬಂದು, ಗೋಡೆ ಇಳಿದು,
ಬಕೆಟ್ಟು ದಾಟಿ, ನಿಧಾನಕ್ಕೆ,
ಮಧ್ಯಾಹ್ನ ಎರಡಕ್ಕೆ ನನ್ನ ರೆಪ್ಪೆ ಮುಟ್ಟುತ್ತದೆ.
ಅದಕ್ಕೇ ಬೈರಾಸನ್ನು ಕಣ್ಣು ಮುಚ್ಚುವಂತೆ
ತಲೆಗೆ ಬಿಗಿದು ಮಲಗುವುದು.
ಹೊಟ್ಟೆಗೆ ಏನು ಕಟ್ಟಲಿ?
ಇರುಳು ಮೂರಕ್ಕೆ ಅನ್ನ ಬೇಡ ಎಂದು ಮುನಿಯುತ್ತದೆ,
ನಡುಹಗಲು ಎದ್ದು ಕೂತು ಕೂಗುತ್ತದೆ.
ಕಂಪನಿ ಡಾಕ್ಟರು ಹಳದಿ ಮಾತ್ರೆ ಕೊಟ್ಟ,
ಚೆನ್ನಾಗಿ ನಿದ್ದೆ ಮಾಡು ಎಂದ,
ಅವನಿಗೂ ಆಕಳಿಕೆ ಬಂತು.

ಪೋಶಯ್ಯ ಹಾಲಿನ ಡಬ್ಬಿಯ ರಟ್ಟಿನಲ್ಲಿ ಬರೆದಿಟ್ಟು ಹೋಗುತ್ತಾನೆ.
ಅವನ ತೆಲುಗಿಗೂ ನನ್ನ ಕನ್ನಡಕ್ಕೂ
ಅಕ್ಷರದ ಒಡಲು ಒಂದೇ, ತಲೆಕಟ್ಟು ಬೇರೆ.
ಕೂಡಿಸಿ ಕೂಡಿಸಿ ಓದುತ್ತೇನೆ.
ಒಮ್ಮೆ "ನಲ್ಲಿ" ಎಂದಿತ್ತು, ಮುಂದೆ ಅಳಿಸಿತ್ತು.
ನಲ್ಲಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ,
ನೀರು ಚೆನ್ನಾಗಿಯೇ ಬರುತ್ತಿತ್ತು.
ಮಲಗಿದ ಮೇಲೆ ಬೆನ್ನು ಉರಿಯಿತು.
ಅವನ ಭಾಷೆಯಲ್ಲಿ ನಲ್ಲಿ ಎಂದರೆ ತಿಗಣೆ.
ಇಬ್ಬರ ರಕ್ತವನ್ನೂ ಬಲ್ಲದ್ದು ಅದೊಂದೇ.

ರಂಜಾನು ಬಂತು, ಗಂಟೆಗಳು ಮಗುಚಿದವು.
ಇರುಳು ಎರಡಕ್ಕೆ ಗಲ್ಲಿಯಲ್ಲಿ ಮಕ್ಕಳ ಚೆಂಡಾಟ,
ದರ್ಜಿಯ ಅಂಗಡಿಯಲ್ಲಿ ಟಕಟಕ,
ಸಮೋಸಕ್ಕೆ ಸಾಲು.
ಊರಿಗೆ ಊರೇ ನನ್ನ ಗಡಿಯಾರಕ್ಕೆ ಬಂದಾಗ
ನನಗೇಕೋ ಸಣ್ಣ ಹೊಟ್ಟೆಕಿಚ್ಚು.
ಪೋಶಯ್ಯನ ಕಂಪನಿಯೂ ಕೆಲಸವನ್ನು ಇರುಳಿಗೆ ದೂಡಿತು.

ಮೊದಲ ಬೆಳಿಗ್ಗೆ ಬಾಗಿಲಲ್ಲಿ ಇಬ್ಬರೂ.
ಏನು ಮಾಡಬೇಕೆಂದು ತಿಳಿಯದೆ
ಇಬ್ಬರೂ ಒಟ್ಟಿಗೆ ಹಾಸಿಗೆಯ ಮೇಲೆ ಅಂಗೈ ಇಟ್ಟೆವು.
ತಣ್ಣಗಿತ್ತು.

ಅವನ ತಗ್ಗಿಗಿಂತ ಅವನು ಸಣ್ಣವನು.
ಬೇಡ ಬೇಡವೆಂದರೂ ರಟ್ಟು ಬಿಡಿಸಿ
ಮಂಚದಡಿ ಹಾಸಿ ನುಸುಳಿದ.
ನಾನು ಮೇಲೆ. ಪಲ್ಲಂಗದ ಹಲಗೆಯಾಚೆ
ಇಷ್ಟು ದಿನ ಬರಿಯ ಬಿಸಿಯಾಗಿದ್ದವನ ಉಸಿರು.
ಸ್ವಲ್ಪ ಹೊತ್ತಿಗೆ ಕೆಳಗಿನಿಂದೊಂದು ಕೈ ಬಂತು:
ದಿಂಬು.
ಮೊಣಕಾಲಿಗಾ? ಎಂದೆ.
"ತಲಕಿ" ಎಂದು ಕೆನ್ನೆಯ ಮೇಲೆ, ಕಿವಿಯ ಹತ್ತಿರ,
ನರ ಮಿಡಿಯುವಲ್ಲಿ ಒತ್ತಿ ತೋರಿಸಿದ.
ಮುಲಾಮು ಅಲ್ಲಿಗೆ.

ಕೊಟ್ಟೆ.
ಬೈರಾಸನ್ನು ಮಡಚಿ ನನ್ನ ತಲೆಯಡಿಗೆ ಇಟ್ಟುಕೊಂಡೆ.
ಎರಡು ಗಂಟೆಗೆ ಬಿಸಿಲು ಬಂತು,
ಕಣ್ಣಿಗೆ ಏನೂ ಕಟ್ಟಿರಲಿಲ್ಲ.